ಅಂಗೈಯಗಲದ ರಣರಂಗ: ಪುಟ್ಟ ಗ್ರೀಕ್ ಯೋಧನಿಗೆ ಬಣ್ಣ ಹಚ್ಚುವ ಬಗೆ

ಬಣ್ಣ ಕಾಣದ ಪುಟ್ಟ ಯೋಧನ ಪ್ರತಿಮೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಈ ಹವ್ಯಾಸದ ಮುಖ್ಯ ತೊಡಕು ಅಲ್ಲಿಯೇ ತಿಳಿಯುತ್ತದೆ. ಆಳೆತ್ತರದ ಮನುಷ್ಯ ಬಿಸಿಲಿನಲ್ಲಿ ನಿಂತರೆ ಅವನ ಗಲ್ಲದ ಕೆಳಗೆ, ಕಂಕುಳಿನಲ್ಲಿ, ಬಟ್ಟೆಯ ಮಡಿಕೆಗಳ ನಡುವೆ ಗಾಢವಾದ ನೆರಳು ಬೀಳುತ್ತದೆ. 28 ಮಿಲಿಮೀಟರ್ ಎತ್ತರದ ಪ್ರತಿಮೆಯಲ್ಲಿ ಅದೇ ಮಡಿಕೆಯ ಆಳ ಕೂದಲೆಳೆಯಷ್ಟೇ ಇರುವುದರಿಂದ ನೆರಳು ಅಲ್ಲಿ ನಿಲ್ಲುವುದಿಲ್ಲ, ತೋಳಳತೆಯ ದೂರದಿಂದ ನೋಡಿದವರಿಗೆ ಇಡೀ ಆಕೃತಿ ಒಂದೇ ಮುದ್ದೆಯಾಗಿ ಕಾಣುತ್ತದೆ. ಆದ್ದರಿಂದ ನೆರಳನ್ನೂ ಬೆಳಕನ್ನೂ ಬಣ್ಣ ಹಚ್ಚುವವರೇ ಬರೆಯಬೇಕು, ಅದೂ ನಿಜದಲ್ಲಿ ಇರುವುದಕ್ಕಿಂತ ತುಸು ಹೆಚ್ಚಾಗಿಯೇ ಬರೆಯಬೇಕು. ಕೆಳಗಿನ ವಿವರಣೆಯುದ್ದಕ್ಕೂ ಕ್ರಿಸ್ತಪೂರ್ವ 5ನೆಯ ಶತಮಾನದ ಗ್ರೀಕ್ ಕಾಲಾಳು ಯೋಧನನ್ನು, ಅಂದರೆ ಹಾಪ್ಲೈಟ್‌ನನ್ನು, ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಹೊಸದಾಗಿ ಕಲಿಯುವವರಿಗೆ ಹಾಪ್ಲೈಟ್ ಒಳ್ಳೆಯ ಆಯ್ಕೆ. ಅವನ ಗುರಾಣಿ ದೊಡ್ಡದು, ಬಟ್ಟೆ ಸರಳ, ಕೊರಿಂಥಿಯನ್ ಶಿರಸ್ತ್ರಾಣ ಮುಖದ ಬಹುಭಾಗವನ್ನು ಮುಚ್ಚಿಬಿಡುವುದರಿಂದ ಕಣ್ಣು ಬರೆಯುವ ಕಷ್ಟವೂ ಕಡಿಮೆ. ಗಾತ್ರದ ವಿಷಯದಲ್ಲಿ 28 ಮಿಲಿಮೀಟರ್‌ನಿಂದಲೇ ಆರಂಭಿಸುವುದು ಲೇಸು. ಸರಿಸುಮಾರು 1:56 ಪ್ರಮಾಣದ ಈ ಪ್ರತಿಮೆಗಳಲ್ಲಿ ವಿವರಗಳು ಕಣ್ಣಿಗೆ ಸಿಗುವಷ್ಟು ದೊಡ್ಡವಾಗಿರುತ್ತವೆ, ಆದರೆ ಒಂದರ ಮೇಲೆ ತಿಂಗಳುಗಟ್ಟಲೆ ಕೂರಬೇಕಾಗುವಷ್ಟು ದೊಡ್ಡವಲ್ಲ. 15 ಮಿಲಿಮೀಟರ್‌ನವು ಇಡೀ ಸೈನ್ಯ ಕಟ್ಟುವವರಿಗೆ, 54 ಮಿಲಿಮೀಟರ್‌ನವು ಗಾಜಿನ ಪೆಟ್ಟಿಗೆಯಲ್ಲಿ ಒಂಟಿಯಾಗಿ ನಿಲ್ಲಿಸುವವರಿಗೆ ಹೊಂದುತ್ತವೆ.

ಪ್ರತಿಮೆಗಳು ಸಾಮಾನ್ಯವಾಗಿ ಗಟ್ಟಿ ಪ್ಲಾಸ್ಟಿಕ್, ರೆಸಿನ್ ಅಥವಾ ತವರ ಪ್ರಧಾನವಾದ ಬಿಳಿ ಲೋಹದಲ್ಲಿ ಬರುತ್ತವೆ. ಅಚ್ಚಿನ ಎರಡು ಭಾಗಗಳು ಕೂಡಿದ ಜಾಗದಲ್ಲಿ ತೆಳುವಾದ ಏಣೊಂದು ಉಳಿದಿರುತ್ತದೆ. ಈಗ ಅದು ಕಣ್ಣಿಗೆ ಬೀಳದಿದ್ದರೂ ಬಣ್ಣ ಬಿದ್ದ ಮೇಲೆ ತೊಡೆಯ ಮೇಲಿನ ಗಾಯದ ಗೆರೆಯಂತೆ ಎದ್ದು ನಿಲ್ಲುತ್ತದೆ. ಚಾಕುವಿನ ಅಲಗನ್ನು ಅಡ್ಡಲಾಗಿ ಹಿಡಿದು ಮೆಲ್ಲನೆ ಹೆರೆದು, ಸಣ್ಣ ಅರದಿಂದ ಉಜ್ಜಿ ಅದನ್ನು ತೆಗೆಯಬೇಕು. ಹಳೆಯ ಲೋಹದ ಪ್ರತಿಮೆಗಳಲ್ಲಿ ಸೀಸ ಬೆರೆತಿರುವುದುಂಟು, ಆದ್ದರಿಂದ ಅರದ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಕೈ ತೊಳೆದುಕೊಳ್ಳುವುದನ್ನು ಮರೆಯಬಾರದು. ಅನಂತರ ಪಾತ್ರೆ ತೊಳೆಯುವ ಸೋಪು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದರೆ ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು ಹೋಗುತ್ತದೆ. ಲೋಹ ಮತ್ತು ರೆಸಿನ್ ಅಂಟಿಸಲು ಸೂಪರ್ ಗ್ಲೂ ಬೇಕು. ಪ್ಲಾಸ್ಟಿಕ್‌ಗಾದರೆ ಎರಡೂ ಅಂಚುಗಳನ್ನು ಕರಗಿಸಿ ಒಂದಾಗಿಸುವ ಪ್ಲಾಸ್ಟಿಕ್ ಸಿಮೆಂಟ್ ಹೆಚ್ಚು ಗಟ್ಟಿ. ಗುರಾಣಿಯನ್ನು ಮಾತ್ರ ಈಗಲೇ ಅಂಟಿಸಬಾರದು. ಅದು ಎದೆಯ ಮುಂದೆ ಬಂದು ಕೂತರೆ ಹಿಂದಿನ ಕವಚದವರೆಗೆ ಕುಂಚ ತಲುಪುವುದೇ ಇಲ್ಲ.

ಮೊದಲ ಲೇಪ, ಅಂದರೆ ಪ್ರೈಮರ್, ಬಣ್ಣಕ್ಕೆ ಹಿಡಿತ ಕೊಡುತ್ತದೆ. ಸ್ಪ್ರೇ ಡಬ್ಬಿಯನ್ನು ಚೆನ್ನಾಗಿ ಅಲ್ಲಾಡಿಸಿ, ಪ್ರತಿಮೆಯಿಂದ 20ರಿಂದ 30 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಒಂದೆಡೆ ನಿಲ್ಲಿಸದೆ ಪಕ್ಕದಿಂದ ಪಕ್ಕಕ್ಕೆ ಬೀಸಿ, ತೆಳುವಾದ ಎರಡು ಮೂರು ಪದರಗಳಲ್ಲಿ ಬಯಲು ಗಾಳಿಯಲ್ಲಿ ಸಿಂಪಡಿಸಬೇಕು. ಒಮ್ಮೆ ಮಳೆ ನಿಂತ ಸಂಜೆಯಲ್ಲಿ ಆತುರಪಟ್ಟು ಹನ್ನೆರಡು ಯೋಧರಿಗೆ ಒಟ್ಟಿಗೆ ಪ್ರೈಮರ್ ಹೊಡೆದೆ. ಗಾಳಿಯ ತೇವಕ್ಕೆ ಲೇಪವೆಲ್ಲ ಮರಳು ಕಾಗದದಂತೆ ತರಿತರಿಯಾಗಿ ಒಣಗಿತು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ, ಉಜ್ಜಿ ಉಜ್ಜಿ ಅದನ್ನು ತೆಗೆಯಲು ಹಿಡಿದ ಹೊತ್ತಿನಲ್ಲಿ ಅವರಿಗೆ ಪೂರ್ತಿ ಬಣ್ಣವನ್ನೇ ಹಚ್ಚಿ ಮುಗಿಸಬಹುದಿತ್ತು. (ಈ ಕೆಲಸಕ್ಕೆ ಅಸಿಟೋನ್ ಬಳಸಿದರೆ ಪ್ಲಾಸ್ಟಿಕ್ ಪ್ರತಿಮೆ ಕರಗಿಯೇ ಹೋಗುತ್ತದೆ.) ಪ್ರೈಮರ್‌ನ ಬಣ್ಣದ ಬಗ್ಗೆ ವಾದ ಬಹಳ. ಕಪ್ಪು ಲೇಪ ತಪ್ಪುಗಳನ್ನು ಮುಚ್ಚುತ್ತದೆ ಆದರೆ ಮೇಲಿನ ಬಣ್ಣಗಳನ್ನು ಮಂಕಾಗಿಸುತ್ತದೆ, ಬಿಳಿಯದು ಬಣ್ಣಗಳನ್ನು ಬೆಳಗಿಸುತ್ತದೆ ಆದರೆ ಮೂಲೆಯಲ್ಲಿ ತಪ್ಪಿಹೋದ ಚುಕ್ಕೆಯನ್ನೂ ಎತ್ತಿ ತೋರಿಸುತ್ತದೆ. ಇಡೀ ಪ್ರತಿಮೆಗೆ ಕಪ್ಪು ಹೊಡೆದು, ಅದು ಒಣಗಿದ ಮೇಲೆ ನೆತ್ತಿಯ ಮೇಲಿನಿಂದ ಮಾತ್ರ ಬಿಳಿಯನ್ನು ಸಿಂಪಡಿಸುವ ಕ್ರಮ ನನಗೆ ಹಿಡಿಸಿದೆ. ನಡುಹಗಲ ಸೂರ್ಯನ ಬೆಳಕು ಎಲ್ಲೆಲ್ಲಿ ಬೀಳಬೇಕೋ ಅಲ್ಲಲ್ಲಿ ಬಿಳಿ ಕೂತು, ಮುಂದಿನ ಕೆಲಸಕ್ಕೆಲ್ಲ ಅದು ನಕ್ಷೆಯಾಗುತ್ತದೆ.

ಕುಂಚಗಳು ಹೆಚ್ಚು ಬೇಕಿಲ್ಲ. 1 ಅಥವಾ 2ನೆಯ ಸಂಖ್ಯೆಯ, ತುದಿ ಚೂಪಾಗಿ ನಿಲ್ಲುವ ಒಂದು ಒಳ್ಳೆಯ ಕುಂಚ, ಒರಟು ಕೆಲಸಕ್ಕೆ ಒಂದೆರಡು ಹಳೆಯವು ಇದ್ದರೆ ಸಾಕು. ಅತಿ ಸಣ್ಣ ಕುಂಚವೇ ಸೂಕ್ಷ್ಮ ಕೆಲಸಕ್ಕೆ ಬೇಕೆಂಬುದು ತಪ್ಪು ತಿಳಿವಳಿಕೆ. ಅದರಲ್ಲಿ ನಿಲ್ಲುವ ಒಂದು ಹನಿ ಬಣ್ಣ ಪ್ರತಿಮೆಯನ್ನು ಮುಟ್ಟುವ ಮೊದಲೇ ಒಣಗಿರುತ್ತದೆ. ಸೈಬೀರಿಯದ ವೀಸಲ್ ಪ್ರಾಣಿಯ ಬಾಲದ ಕೂದಲಿನಿಂದ ಮಾಡಿದ ಕೊಲಿನ್‌ಸ್ಕಿ ಕುಂಚ ದುಬಾರಿಯಾದರೂ ಬಣ್ಣವನ್ನು ಹೊಟ್ಟೆಯಲ್ಲಿಟ್ಟುಕೊಂಡು ತುದಿಯಿಂದ ಹದವಾಗಿ ಬಿಡುತ್ತದೆ. ಬಣ್ಣ ಕೂದಲಿನ ಬುಡದ ಲೋಹದ ಪಟ್ಟಿಯವರೆಗೆ ಏರದಂತೆ ನೋಡಿಕೊಂಡರೆ ಅದು ವರ್ಷಗಟ್ಟಲೆ ಬಾಳುತ್ತದೆ. ತುದಿಯನ್ನು ಚೂಪು ಮಾಡಲು ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ ಬಹಳ ಜನಕ್ಕಿದೆ, ಆದರೆ ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಮ್, ಕೋಬಾಲ್ಟ್‌ನಂಥ ಲೋಹಗಳಿರುವುದರಿಂದ ಅದನ್ನು ಬಿಡುವುದೇ ಒಳ್ಳೆಯದು.

ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣವನ್ನು ಶೀಶೆಯಿಂದ ನೇರವಾಗಿ ಹಚ್ಚಿದರೆ ಗಡ್ಡದ ಎಳೆ, ಬೆರಳಿನ ಸಂದು ಎಲ್ಲ ಮುಚ್ಚಿಹೋಗುತ್ತವೆ. ನೀರು ಬೆರೆಸಿ ಕೆನೆ ತೆಗೆದ ಹಾಲಿನ ಹದಕ್ಕೆ ತಂದುಕೊಂಡು, ಕುಂಚವನ್ನು ಕಾಗದಕ್ಕೆ ಒಮ್ಮೆ ತಾಗಿಸಿ ಹೆಚ್ಚಿನ ನೀರನ್ನು ಇಳಿಸಿ, ಒಂದು ದಪ್ಪ ಪದರದ ಬದಲು ಎರಡು ತೆಳು ಪದರಗಳನ್ನು ಕೊಡಬೇಕು. ಮೊದಲ ಪದರ ತೇಪೆತೇಪೆಯಾಗಿ ಕಂಡರೆ ಗಾಬರಿಯಾಗಬೇಕಿಲ್ಲ, ಅದು ಹಾಗೆಯೇ ಕಾಣುತ್ತದೆ. ಮುಚ್ಚಳವಿರುವ ಆಳವಿಲ್ಲದ ಡಬ್ಬಿಯಲ್ಲಿ ಒದ್ದೆ ಸ್ಪಂಜು ಹಾಸಿ, ಅದರ ಮೇಲೆ ಬೇಕಿಂಗ್ ಪೇಪರ್ ಇಟ್ಟು ಬಣ್ಣ ಕಲಸಿಕೊಂಡರೆ ಅದು ಗಂಟೆಗಟ್ಟಲೆ ಒಣಗದೆ ಉಳಿಯುತ್ತದೆ.

ಇನ್ನು ಯಾವ ಬಣ್ಣ ಎಂಬ ಪ್ರಶ್ನೆ. ಹಳೆಯ ಗ್ರೀಸ್ ಎಂದೊಡನೆ ಬಿಳಿ ಅಮೃತಶಿಲೆಯನ್ನೇ ನೆನೆಯುವ ರೂಢಿ ನಮ್ಮನ್ನು ದಾರಿ ತಪ್ಪಿಸುತ್ತದೆ, ಏಕೆಂದರೆ ಆ ಶಿಲ್ಪಗಳಿಗೆ ಮೂಲದಲ್ಲಿ ಗಾಢವಾದ ಬಣ್ಣಗಳಿದ್ದವು. 1887ರಲ್ಲಿ ಸಿಡಾನ್‌ನಲ್ಲಿ ದೊರೆತು ಈಗ ಇಸ್ತಾಂಬುಲ್‌ನ ಪುರಾತತ್ವ ಸಂಗ್ರಹಾಲಯದಲ್ಲಿರುವ ಅಲೆಕ್ಸಾಂಡರ್ ಸಾರ್ಕೊಫಾಗಸ್ ಎಂಬ ಕಲ್ಲಿನ ಶವಪೆಟ್ಟಿಗೆಯ ಮೇಲೆ ಕಾದಾಡುವ ಮೆಸಿಡೋನಿಯನ್ನರ ಮತ್ತು ಪರ್ಷಿಯನ್ನರ ಉಡುಪಿನ ಬಣ್ಣಗಳ ಕುರುಹು ಉಳಿದಿದೆ. ಥೆಸಲೋನಿಕಿಯ ಸಮೀಪದ ಅಗಿಯೋಸ್ ಅಥನಾಸಿಯೋಸ್‌ನ ಸಮಾಧಿಯಲ್ಲಿರುವ ಕ್ರಿಸ್ತಪೂರ್ವ 4ನೆಯ ಶತಮಾನದ ವರ್ಣಚಿತ್ರದಲ್ಲಿ ಮೆಸಿಡೋನಿಯದ ಸೈನಿಕರು ಬಣ್ಣಬಣ್ಣದ ಗುರಾಣಿ ಹಿಡಿದು ನಿಂತಿದ್ದಾರೆ. ಪರ್ಷಿಯದ ಯೋಧನನ್ನು ಕೈಗೆತ್ತಿಕೊಂಡವರಿಗೆ ಸೂಸಾದ ಅರಮನೆಯಿಂದ ಪ್ಯಾರಿಸ್‌ನ ಲೂವ್ರ್ ಸೇರಿರುವ ಮೆರುಗಿನ ಇಟ್ಟಿಗೆಯ ಬಿಲ್ಲುಗಾರರ ಸಾಲು ಇದೆ. ಆ ನಿಲುವಂಗಿಗಳ ಮೇಲಿನ ಚಿತ್ತಾರ ನೋಡಿದ ಮೇಲೆ ಪರ್ಷಿಯನ್ನರಿಗೆ ಬೂದುಬಣ್ಣ ಹಚ್ಚಲು ಮನಸ್ಸೇ ಬಾರದು. ಸ್ಪಾರ್ಟಾದವರ ಕೆಂಪು ಉಡುಪನ್ನು ಆ ಕಾಲದ ಗ್ರೀಕ್ ಇತಿಹಾಸಕಾರ ಝೆನೊಫೋನ್ ಹೇಳಿದ್ದಾನೆ. ಅವನೇ ಕಂಚಿನ ಗುರಾಣಿಯ ಬಗ್ಗೆ, ಅದು ಬೇಗ ಹೊಳಪೇರುತ್ತದೆ, ನಿಧಾನವಾಗಿ ಕಂದುತ್ತದೆ ಎಂದೂ ಬರೆದಿದ್ದಾನೆ, ಈ ಮಾತು ಮುಂದೆ ನಮ್ಮ ಉಪಯೋಗಕ್ಕೆ ಬರುತ್ತದೆ. ಸ್ಪಾರ್ಟಾದ ಹೊರಗೆ ಪ್ರತಿಯೊಬ್ಬನೂ ತನ್ನ ಆಯುಧವನ್ನು ತಾನೇ ಹೊಂದಿಸಿಕೊಂಡು ಬರುತ್ತಿದ್ದುದರಿಂದ ಸಾಲಿನಲ್ಲಿ ನಿಲ್ಲುವ ಹತ್ತು ಜನರಿಗೆ ಒಂದೇ ಸಮವಸ್ತ್ರ ತೊಡಿಸುವ ಅಗತ್ಯವಿಲ್ಲ. ಸಸ್ಯಗಳಿಂದ ತೆಗೆದ ಬಣ್ಣಗಳು ಬಿಸಿಲಿಗೆ ಮಾಸುತ್ತಿದ್ದವು ಎಂಬುದನ್ನು ನೆನಪಿಟ್ಟುಕೊಂಡು, ಪ್ರತಿ ಬಣ್ಣಕ್ಕೂ ಒಂದು ಚುಕ್ಕೆ ಕಂದು ಬೆರೆಸಿದರೆ ಆಟಿಕೆಯ ಕಳೆ ಹೋಗುತ್ತದೆ.

ಹಚ್ಚುವಾಗ ಒಳಗಿನಿಂದ ಹೊರಗೆ ಬರಬೇಕು. ಮೊದಲು ಮೈ, ಆಮೇಲೆ ಬಟ್ಟೆ, ಆಮೇಲೆ ಕವಚ, ಕೊನೆಗೆ ಆಯುಧ. ಮೈಗೆ ಕೆಂಗಂದು ತಳಬಣ್ಣ ಕೊಟ್ಟು, ಒಣಗಿದ ಮೇಲೆ ಸ್ನಾಯುಗಳ ಉಬ್ಬಿನ ಮೇಲೆ ಮಾತ್ರ ಚರ್ಮದ ಬಣ್ಣವನ್ನು ಇಟ್ಟು ಸಂದುಗಳಲ್ಲಿ ತಳಬಣ್ಣವನ್ನು ಹಾಗೆಯೇ ಬಿಡಬೇಕು. ಮೂಗಿನ ಗೆರೆ, ಮಂಡಿಚಿಪ್ಪು, ಬೆರಳಿನ ಗೆಣ್ಣುಗಳಿಗೆ ಇನ್ನೂ ತಿಳಿಯಾದ ಒಂದು ಸ್ಪರ್ಶ ಸಾಕು. ಬಟ್ಟೆಗೂ ಇದೇ ಕ್ರಮವಾದರೂ ಕೆಂಪಿನ ವಿಷಯದಲ್ಲಿ ಎಚ್ಚರ ಬೇಕು. ಕೆಂಪಿಗೆ ಬಿಳಿ ಬೆರೆಸಿದರೆ ಗುಲಾಬಿಯಾಗುತ್ತದೆ, ಆದ್ದರಿಂದ ಬೆಳಕಿನ ಅಂಚಿಗೆ ಕಿತ್ತಳೆ ಅಥವಾ ಚರ್ಮದ ಬಣ್ಣವನ್ನು ಬೆರೆಸಿಕೊಳ್ಳಬೇಕು. ಕೆಂಪು ಮತ್ತು ಹಳದಿ ತಮ್ಮಡಿಯ ಬಣ್ಣವನ್ನು ಸರಿಯಾಗಿ ಮುಚ್ಚುವುದಿಲ್ಲವಾದ್ದರಿಂದ ಕೆಂಪಿನ ಕೆಳಗೆ ಇಟ್ಟಿಗೆಗಂದನ್ನೂ ಹಳದಿಯ ಕೆಳಗೆ ಜೇಡಿಮಣ್ಣಿನ ಬಣ್ಣವನ್ನೂ ಮೊದಲು ಹಚ್ಚಿದರೆ ಶ್ರಮ ಅರ್ಧವಾಗುತ್ತದೆ. ಲಿನನ್ ಎದೆಕವಚಕ್ಕೆ ಅಚ್ಚ ಬಿಳಿ ಬೇಡ. ಮೂಳೆಯ ಬಣ್ಣದಿಂದ ಆರಂಭಿಸಿ, ಸಂದುಗಳಿಗೆ ತಿಳಿಗಂದು ವಾಶ್ (ನೀರಿನಂತೆ ತೆಳುವಾದ ಬಣ್ಣ) ಹರಿಸಿ, ದಂತದ ಬಣ್ಣದಿಂದ ಮೇಲೆ ಬಂದು, ಭುಜದ ಪಟ್ಟಿಯ ತುದಿಯಲ್ಲಿ ಮಾತ್ರ ಬಿಳಿಯನ್ನು ಮುಟ್ಟಿಸಬೇಕು.

ವಾಶ್ ಎಂದರೆ ನೀರಿನಂತೆ ಹರಿದು ತಗ್ಗುಗಳಲ್ಲಿ ನಿಲ್ಲುವ ಗಾಢ ಬಣ್ಣ. ಇದರ ಸುಲಭ ಮೋಡಿಗೆ ಮರುಳಾಗಿ ಇಡೀ ಪ್ರತಿಮೆಯನ್ನು ಅದರಲ್ಲಿ ಮುಳುಗಿಸುವವರಿದ್ದಾರೆ. ಫಲವಾಗಿ ಯೋಧ ಕೆಸರಿನಿಂದ ಎದ್ದು ಬಂದವನಂತೆ ಕಾಣುತ್ತಾನೆ. ಬೇಕಾದ ಮಡಿಕೆಗೆ ಮಾತ್ರ ಇಟ್ಟು, ಸಮತಟ್ಟಾದ ಕಡೆ ನಿಂತುಬಿಟ್ಟದ್ದನ್ನು ಒದ್ದೆ ಕುಂಚದಿಂದ ಹೀರಿ ತೆಗೆದರೆ ಸಾಕು.

ಕಂಚಿನ ಕೆಲಸ ನನಗೆ ಎಲ್ಲಕ್ಕಿಂತ ಪ್ರಿಯ. ಸಂಗ್ರಹಾಲಯದಲ್ಲಿ ಹಸಿರುಗಟ್ಟಿ ಕೂತಿರುವ ಶಿರಸ್ತ್ರಾಣವನ್ನು ನೋಡಿ ಹಸಿರು ಕಿಲುಬನ್ನೇ ಬಣ್ಣದಲ್ಲಿ ತರಲು ಹೊರಡುವವರಿದ್ದಾರೆ, ಆದರೆ ಅದು ಮಣ್ಣಿನಲ್ಲಿ ಕಳೆದ ಎರಡು ಸಾವಿರ ವರ್ಷಗಳ ಗುರುತು. ಉಜ್ಜಿ ಬೆಳಗಿದ ಕಂಚು ಹೆಚ್ಚುಕಡಿಮೆ ಚಿನ್ನದಂತೆ ಹೊಳೆಯುತ್ತಿತ್ತು, ಝೆನೊಫೋನನ ಮಾತೂ ಅದನ್ನೇ ಸೂಚಿಸುತ್ತದೆ. ಗಾಢ ಕಂದಿನ ಮೇಲೆ ಕಂಚಿನ ಲೋಹಬಣ್ಣ, ಅದರ ಮೇಲೆ ಕಂದು ವಾಶ್, ಒಣಗಿದ ಮೇಲೆ ಉಬ್ಬುಗಳಿಗೆ ಚಿನ್ನದ ಬಣ್ಣ, ಕೊನೆಗೆ ಶಿರಸ್ತ್ರಾಣದ ನೆತ್ತಿಗೂ ಮೂಗುಪಟ್ಟಿಯ ಅಂಚಿಗೂ ಚಿನ್ನದಲ್ಲಿ ಬೆಳ್ಳಿ ಬೆರೆಸಿದ ಒಂದೊಂದು ಗೆರೆ. ಲೋಹಬಣ್ಣದ ಕಣಗಳು ನೀರಿಗೆ ಸೇರಿ ಇತರ ಬಣ್ಣಗಳಲ್ಲಿ ಮಿಂಚತೊಡಗುತ್ತವೆ, ಆದ್ದರಿಂದ ಕುಂಚ ತೊಳೆಯುವ ನೀರನ್ನು ಬೇರೆಯೇ ಇಟ್ಟುಕೊಳ್ಳಬೇಕು.

ಹಾಪ್ಲೈಟ್‌ನ ಗುರಾಣಿಯ ಅಡ್ಡಳತೆ ಸುಮಾರು 90 ಸೆಂಟಿಮೀಟರ್, ನಮ್ಮ ಪ್ರಮಾಣದಲ್ಲಿ 16 ಮಿಲಿಮೀಟರ್. ಇಡೀ ಪ್ರತಿಮೆಯಲ್ಲಿ ಕಣ್ಣು ಮೊದಲು ಹೋಗುವುದು ಇಲ್ಲಿಗೇ. ರೋಮ್‌ನ ವಿಲ್ಲಾ ಜೂಲಿಯಾ ಸಂಗ್ರಹಾಲಯದಲ್ಲಿರುವ, ಕ್ರಿಸ್ತಪೂರ್ವ 7ನೆಯ ಶತಮಾನದ ಕೀಜಿ ಹೂಜಿಯ ಮೇಲೆ ಯೋಧರು ಬಗೆಬಗೆಯ ಲಾಂಛನದ ಗುರಾಣಿ ಹಿಡಿದು ಎದುರುಬದುರಾಗಿದ್ದಾರೆ. ಚಿತ್ರ ಆರಿಸಲು ಇಂಥ ಹೂಜಿಗಳಿಗಿಂತ ಒಳ್ಳೆಯ ಆಧಾರ ಬೇಕಿಲ್ಲ. ಗುರಾಣಿಯನ್ನು ಕಡ್ಡಿಯೊಂದರ ತುದಿಗೆ ತಾತ್ಕಾಲಿಕವಾಗಿ ಅಂಟಿಸಿಕೊಂಡು, ಪೆನ್ಸಿಲ್‌ನಲ್ಲಿ ನಡುಬಿಂದುವಿನ ಮೂಲಕ ಎರಡು ಅಡ್ಡಗೆರೆ ಎಳೆದು, ಆ ನಾಲ್ಕು ಭಾಗಗಳ ಆಧಾರದಲ್ಲಿ ಲಾಂಛನವನ್ನು ತಳಬಣ್ಣದಿಂದ ಮೂಡಿಸಬೇಕು. ಅಂಚು ಸೊಟ್ಟಗಾದರೆ ಲಾಂಛನವನ್ನೇ ತಿದ್ದುತ್ತ ಕೂರದೆ ಹಿನ್ನೆಲೆಯ ಬಣ್ಣದಿಂದ ಹೊರಗಿನಿಂದ ಒತ್ತಿ ಬಂದರೆ ಗೆರೆ ತಾನಾಗಿ ನೇರವಾಗುತ್ತದೆ. ಕೈ ನಡುಗುವವರು ಸಿದ್ಧ ಡೆಕಾಲ್ ಅನ್ನು, ಅಂದರೆ ಅಂಟಿಸುವ ಅಚ್ಚಿನ ಚಿತ್ರವನ್ನು, ಹಚ್ಚಬಹುದು, ಆದರೆ ಮೊದಲು ಹೊಳಪಿನ ವಾರ್ನಿಷ್ ಕೊಡದಿದ್ದರೆ ಅದರ ಸುತ್ತ ಬೆಳ್ಳಿಯಂಥ ಪೊರೆ ಉಳಿಯುತ್ತದೆ.

ಕಣ್ಣು ಬರೆಯಲೇಬೇಕೆಂದಿಲ್ಲ. ಈ ಪ್ರಮಾಣದಲ್ಲಿ ಮನುಷ್ಯನ ಕಣ್ಣು ಅರ್ಧ ಮಿಲಿಮೀಟರ್‌ನಷ್ಟೇ ಅಗಲ. ಶಿರಸ್ತ್ರಾಣದ ಕಂಡಿಯೊಳಗೆ ಕಂದು ನೆರಳಿದ್ದರೆ ನೋಡುವವರ ಮನಸ್ಸೇ ಅಲ್ಲಿ ಕಣ್ಣನ್ನು ಇಟ್ಟುಕೊಳ್ಳುತ್ತದೆ.

ಪೀಠಕ್ಕೆ ಬಿಳಿ ಅಂಟು ಸವರಿ ಸಣ್ಣ ಮರಳಿನಲ್ಲಿ ಅದ್ದಿ, ಒಣಗಿದ ಮೇಲೆ ಕಂದು ಹಚ್ಚಿ, ಹಳೆಯ ಕುಂಚದಲ್ಲಿ ಬಣ್ಣವನ್ನೆಲ್ಲ ಒರೆಸಿ ಉಳಿದಷ್ಟರಿಂದ ಮೇಲ್ಮೈಯನ್ನು ತೇಲಿಸಿ ಉಜ್ಜಿದರೆ ನೆಲದ ಉಬ್ಬುಗಳೆಲ್ಲ ಎದ್ದು ಕಾಣುತ್ತವೆ. ಗ್ರೀಸ್‌ನ ಬೇಸಿಗೆಯ ನೆಲಕ್ಕೆ ಒಣಹುಲ್ಲಿನ ಬಣ್ಣ ಒಪ್ಪುತ್ತದೆ, ಕಡುಹಸಿರು ಒಪ್ಪುವುದಿಲ್ಲ. ಗುರಾಣಿಯನ್ನು ಅಂಟಿಸಿ ಒಂದು ದಿನ ಬಿಟ್ಟು, ಮೊದಲು ಹೊಳಪಿನ ವಾರ್ನಿಷ್ ಕೊಟ್ಟು ಗಟ್ಟಿಮಾಡಿ, ಅದರ ಮೇಲೆ ಹೊಳಪಿಲ್ಲದ ವಾರ್ನಿಷ್ ಸಿಂಪಡಿಸಬೇಕು. ತೇವದ ಹವೆಯ ಎಚ್ಚರ ಇಲ್ಲಿಯೂ ಅಷ್ಟೇ ಇರಲಿ, ಇಲ್ಲವಾದರೆ ಬಿಳಿಯ ಮಂಜು ಕವಿಯುತ್ತದೆ. ಹೊಳಪಿಲ್ಲದ ಈ ಪದರ ಕಂಚನ್ನೂ ಮಂಕು ಮಾಡಿಬಿಡುವುದರಿಂದ, ಅದು ಪೂರ್ತಿ ಒಣಗಿದ ಮೇಲೆ ಶಿರಸ್ತ್ರಾಣಕ್ಕೂ ಕಾಲಿನ ಕವಚಕ್ಕೂ ಗುರಾಣಿಯ ಅಂಚಿಗೂ ಮಾತ್ರ ಹೊಳಪಿನ ವಾರ್ನಿಷ್ಷನ್ನು ಕುಂಚದಿಂದ ಮತ್ತೊಮ್ಮೆ ತೆಳುವಾಗಿ ಸವರಬೇಕು.