ಕ್ಲಾನ್‌ನಿಂದ ತೆಗೆದರು, ಕಾರಣ ಹೇಳಲಿಲ್ಲ: ಆಮೇಲೆ ನಾನು ಮಾಡಿದ್ದು

ಕ್ಲ್ಯಾಶ್ ಆಫ್ ಕ್ಲಾನ್ಸ್ ಅನ್ನುವ ಮೊಬೈಲ್ ಆಟದಲ್ಲಿ ಆಟಗಾರರು ಕ್ಲಾನ್ ಅನ್ನುವ ಗುಂಪು ಕಟ್ಟಿಕೊಂಡು ಆಡುತ್ತಾರೆ. ಅದರಿಂದ ಯಾರನ್ನಾದರೂ ಕಿಕ್ ಮಾಡಲು, ಅಂದರೆ ಹೊರಗೆ ಹಾಕಲು ಹೋದರೆ ಕಾರಣ ಬರೆಯಲು ಒಂದು ಜಾಗ ಬರುತ್ತದೆ. ಅಲ್ಲಿ ಬರೆದದ್ದು ಹೊರಗೆ ಹೋದವರ ಇನ್‌ಬಾಕ್ಸ್‌ಗೆ ಸೇರುತ್ತದೆ. ಒಂದು ಸಾಲು ಬರೆದರೆ ಸಾಕು. ನನ್ನನ್ನು ತೆಗೆದವರು ಅಷ್ಟನ್ನೂ ಬರೆದಿರಲಿಲ್ಲ.

ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಆ ಕ್ಲಾನ್‌ನಲ್ಲಿ ಕುಂಬಳೆ, ಪೆರ್ಲ, ಮುಳ್ಳೇರಿಯದ ಹುಡುಗರು ತುಂಬಾ ಇದ್ದರು. ಗಲ್ಫಿನಲ್ಲಿ ಕೆಲಸದಲ್ಲಿರುವವರೂ ಇದ್ದರು. ಚಾಟ್‌ನಲ್ಲಿ ಕನ್ನಡ, ತುಳು, ಮಲಯಾಳ ಎಲ್ಲ ಒಟ್ಟಿಗೇ ಓಡುತ್ತಿತ್ತು. ಟ್ರೂಪ್ಸ್ (ಆಟದ ಸೈನಿಕರು) ಕೇಳಿದರೆ ಯಾರಾದರೂ ಕೂಡಲೇ ಡೊನೇಟ್ ಮಾಡುತ್ತಿದ್ದರು. ಇನ್ನೊಂದು ಕ್ಲಾನ್ ಜೊತೆ ವಾರ್ ಇರುವ ರಾತ್ರಿ ಯಾರು ಯಾವ ಬೇಸ್ (ಎದುರಾಳಿಯ ಊರು) ಹೊಡೆಯುವುದು ಅಂತ ಮಾತು ಮುಗಿಯುತ್ತಲೇ ಇರಲಿಲ್ಲ. ಮುಖ ನೋಡದವರ ಜೊತೆಗೂ ಒಳ್ಳೆ ಸಲಿಗೆ ಬೆಳೆದಿತ್ತು. ಒಂದು ದಿನ ಬೆಳಿಗ್ಗೆ ಆಟ ತೆರೆದರೆ ನಾನು ಕ್ಲಾನ್‌ನಲ್ಲಿ ಇಲ್ಲ. ವಾಟ್ಸಾಪ್ ಗ್ರೂಪಿನಿಂದಲೂ ತೆಗೆದಿದ್ದರು.

"ಗೇಮ್ ಅಲ್ವಾ, ಬೇರೆ ಕ್ಲಾನ್ ಸೇರು" ಅಂತ ಮನೆಯಲ್ಲಿ ಹೇಳಿದರು. ಸೇರುವುದು ಕಷ್ಟ ಅಲ್ಲ. ಕಾರಣ ಗೊತ್ತಿಲ್ಲದೆ ಇರುವುದು ಕಷ್ಟ. ನಿನ್ನೆ ಹೇಳಿದ ಮಾತು ಯಾರಿಗಾದರೂ ಬೇಜಾರಾಯಿತಾ, ಅಟ್ಯಾಕ್ ಸರಿ ಮಾಡಲಿಲ್ಲವಾ, ಕನ್ನಡದಲ್ಲಿ ಬರೆದದ್ದು ಹಿಡಿಸಲಿಲ್ಲವಾ ಅಂತ ತಲೆ ಸುಮ್ನೆ ಒಂದೊಂದೇ ಕಾರಣ ಹುಡುಕುತ್ತಾ ಹೋಗುತ್ತದೆ.

ಇದು ನನ್ನೊಬ್ಬನ ಮನಸ್ಸಿನ ತೊಂದರೆ ಅಲ್ಲ ಅಂತ ಆಮೇಲೆ ಓದಿ ತಿಳಿಯಿತು. ಕಿಪ್ಲಿಂಗ್ ವಿಲಿಯಮ್ಸ್ ಅಂತ ಒಬ್ಬರು ಮನಶ್ಶಾಸ್ತ್ರಜ್ಞರು ಇದ್ದಾರೆ. ಪಾರ್ಕಿನಲ್ಲಿ ಅಪರಿಚಿತರಿಬ್ಬರು ಅವರ ಕಡೆಗೂ ಫ್ರಿಸ್ಬೀ ಎಸೆದು ಆಡಿ, ಆಮೇಲೆ ತಟಕ್ಕನೆ ಎಸೆಯುವುದನ್ನು ನಿಲ್ಲಿಸಿಬಿಟ್ಟರಂತೆ. ಆಗ ಆದ ನೋವಿನಿಂದಲೇ ಅವರಿಗೆ ಒಂದು ಪ್ರಯೋಗ ಹೊಳೆಯಿತು. ಅದರ ಕಂಪ್ಯೂಟರ್ ರೂಪಕ್ಕೆ ಸೈಬರ್‌ಬಾಲ್ ಅಂತ ಹೆಸರು. ಸ್ಕ್ರೀನಿನಲ್ಲಿ ಚೆಂಡು ಎಸೆಯುವ ಆಟ. ಸ್ವಲ್ಪ ಹೊತ್ತಿನ ನಂತರ ಉಳಿದವರು ನಿಮಗೆ ಚೆಂಡು ಕೊಡುವುದಿಲ್ಲ, ಅಷ್ಟೇ. ಅಷ್ಟಕ್ಕೇ ಜನರಿಗೆ ಬೇಸರವಾಗುತ್ತದೆ. 2004ರಲ್ಲಿ ಬಂದ ಅಧ್ಯಯನದಲ್ಲಿ, ಎದುರಿಗೆ ಆಡುತ್ತಿರುವುದು ಬರೀ ಕಂಪ್ಯೂಟರ್ ಅಂತ ಮೊದಲೇ ಹೇಳಿದವರಿಗೂ ನೋವಾಗಿತ್ತು. ಯಂತ್ರ ಚೆಂಡು ಕೊಡದಿದ್ದರೇ ಹೀಗೆ. ದಿನಾ ಮಾತಾಡಿದವರು ಹೀಗೆ ಮಾಡಿದರೆ ನೋವಾಗದೆ ಇರುತ್ತದಾ?

ನಾನು ಮೊದಲು ಮಾಡಿದ ಕೆಲಸ, ಆ ದಿನ ಯಾರಿಗೂ ಮೆಸೇಜ್ ಹಾಕದೆ ಕೂತದ್ದು. ಮರುದಿನ ಕ್ಲಾನ್‌ನಲ್ಲೇ ಇದ್ದ ಒಬ್ಬ ಗೆಳೆಯನಿಗೆ ಕ್ಲಾನ್ ಚಾಟನ್ನು ಮೇಲಕ್ಕೆ ಸರಿಸಿ ನೋಡಲು ಹೇಳಿದೆ. ಯಾರು ಯಾರನ್ನು ತೆಗೆದರು ಅಂತ ಅಲ್ಲಿ ಒಂದು ಸಾಲು ಬರುತ್ತದೆ. ಇದು ಮುಖ್ಯ. ಲೀಡರ್ ಮಾತ್ರ ಅಲ್ಲ, ಅವರ ಕೆಳಗಿನ ಕೋ-ಲೀಡರ್ ಕೂಡ ತೆಗೆಯಬಹುದು, ಸಾಮಾನ್ಯ ಮೆಂಬರನ್ನು ಅದಕ್ಕೂ ಕೆಳಗಿನ ಎಲ್ಡರ್ ಕೂಡ ತೆಗೆಯಬಹುದು. "ಎಲ್ಲರೂ ಸೇರಿ ನನ್ನನ್ನು ಹೊರಗೆ ಹಾಕಿದರು" ಅಂತ ಅನಿಸುತ್ತದೆ. ಆದರೆ ಬಟನ್ ಒತ್ತಿದವರು ಒಬ್ಬರು. ಉಳಿದವರಲ್ಲಿ ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ.

ಒತ್ತಿದ್ದು ಒಬ್ಬ ಕೋ-ಲೀಡರ್. ಅವರಿಗೆ ಹೀಗೆ ಬರೆದೆ: "ಅಣ್ಣ, ನನ್ನನ್ನು ಕ್ಲಾನ್‌ನಿಂದ ತೆಗೆದದ್ದು ಗೊತ್ತಾಯಿತು. ವಾಪಸ್ ಸೇರಿಸಿ ಅಂತ ಕೇಳುವುದಿಲ್ಲ. ಕಾರಣ ಎಂತ ಅಂತ ಹೇಳಿದರೆ ಸಾಕು." ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ.

ಎರಡನೇ ಮೆಸೇಜ್ ಹಾಕಲಿಲ್ಲ. ಇನ್ನೊಂದು ಅಕೌಂಟ್‌ನಿಂದ ಒಳಗೆ ಹೋಗಿ ಗಲಾಟೆ ಮಾಡಲಿಲ್ಲ. ಗೆಳೆಯನಿಗೆ "ನೀನು ನನ್ನ ಪರವಾಗಿ ಕೇಳು" ಅಂತಲೂ ಹೇಳಲಿಲ್ಲ. ಅವನಿಗೆ ಅದು ಒಳ್ಳೆಯ ಕ್ಲಾನ್, ಅವನು ಅಲ್ಲೇ ಆಡಲಿ. ಕೇಳಬೇಕಾದವರನ್ನು ಕೇಳಿ ಆಗಿತ್ತು. ಮನಸ್ಸು ಸ್ವಲ್ಪ ಹಗುರಾದದ್ದು ಆ ಒಂದು ಮೆಸೇಜಿನಿಂದಲೇ.

ಆಮೇಲೆ ನಾವು ಕೆಲವರು ಸೇರಿ ಬೇರೆ ಕ್ಲಾನ್ ಮಾಡಿದೆವು. ಈಗ ತೆಗೆಯುವ ಬಟನ್ ನನ್ನ ಕೈಯಲ್ಲಿದೆ. ಒಂದು ಕ್ಲಾನ್‌ನಲ್ಲಿ 50 ಜನಕ್ಕೆ ಮಾತ್ರ ಜಾಗ. ಹಾಗಾಗಿ ತೆಗೆಯಲೇಬೇಕಾದ ಸಂದರ್ಭ ಬರುತ್ತದೆ. ಅದರಲ್ಲಿ ತಪ್ಪಿಲ್ಲ. ಹೇಗೆ ತೆಗೆಯುತ್ತೇವೆ ಅನ್ನುವುದರ ಮೇಲೆ ನನಗೆ ಹಟ ಇದೆ.

ವಾರ್ ನಡೆಯುವಾಗ ಯಾರನ್ನೂ ತೆಗೆಯುವುದಿಲ್ಲ. ತೆಗೆದರೂ ಅವರ ಬೇಸ್ ವಾರ್ ಮ್ಯಾಪಿನಲ್ಲಿ ಹಾಗೇ ಇರುತ್ತದೆ, ಅವರ ಎರಡು ಅಟ್ಯಾಕ್ ಮಾತ್ರ ನಮಗೆ ಸಿಗುವುದಿಲ್ಲ. ಸಿಟ್ಟಿನಲ್ಲಿ ಒತ್ತಿದರೆ ನಷ್ಟ ನಮಗೇ. ಎಲ್ಡರ್ ಪದವಿಯನ್ನೂ ಸುಮ್ನೆ ಹಂಚುವುದಿಲ್ಲ. ಡೊನೇಶನ್ ಜಾಸ್ತಿ ಮಾಡಿದ ಅಂತ ಮಾತ್ರಕ್ಕೆ ಇನ್ನೊಬ್ಬರನ್ನು ಹೊರಗೆ ಹಾಕುವ ಅಧಿಕಾರ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಎಲ್ಲಕ್ಕಿಂತ ಮೊದಲು, ಆ ವ್ಯಕ್ತಿಯನ್ನೇ ಕೇಳುತ್ತೇವೆ. ನಮ್ಮ ಊರಿನಲ್ಲಿ ಇದು ಬೇಕೇ ಬೇಕು. ಬ್ಯಾಟಲ್ ಡೇ, ಅಂದರೆ ವಾರ್‌ನಲ್ಲಿ ಅಟ್ಯಾಕ್ ಮಾಡುವ ಅವಧಿ, 24 ಗಂಟೆ. ಆಟಿ ತಿಂಗಳ ಮಳೆಗೆ ಒಂದು ಅಡಿಕೆ ಮರ ಲೈನಿನ ಮೇಲೆ ಬಿದ್ದರೆ ಆ 24 ಗಂಟೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ, ಫೋನಿನಲ್ಲಿ ಚಾರ್ಜೂ ಇಲ್ಲ. ದುಬೈಯಲ್ಲಿ ಕೂತ ಕೋ-ಲೀಡರಿಗೆ ಅದು ಸೋಮಾರಿತನ ಅಂತ ಕಾಣಬಹುದು.

ಹತ್ತನೇ ಕ್ಲಾಸಿನ ಒಬ್ಬ ಹುಡುಗ ವಾರ್‌ನಲ್ಲಿ ಅಟ್ಯಾಕ್ ಮಾಡದೆ ಬಿಟ್ಟ. ಮುಂದಿನ ವಾರ್‌ನಲ್ಲೂ ಅದೇ. "ತೆಗೀರಿ" ಅಂತ ಎಲ್ಲರೂ ಹೇಳಿದರು. ನಾನು ವಾಟ್ಸಾಪಿನಲ್ಲಿ "ಎಂತ ಮಾರಾಯ, ವಾರ್‌ನಲ್ಲಿ ಕಾಣ್ಲಿಲ್ಲ?" ಅಂತ ಕೇಳಿದೆ. ಅದಕ್ಕೆ ಅವನ ನಂಬರಿನಿಂದ ಉತ್ತರ ಬರಲಿಲ್ಲ. ಸಂಜೆ ಬೇರೆ ನಂಬರಿನಿಂದ ಬಂತು: "ಅಣ್ಣ, ಇದು ಅಮ್ಮನ ಫೋನು. ನನ್ನದು ಅಪ್ಪನ ಹತ್ರ ಉಂಟು. ಪರೀಕ್ಷೆ ಮುಗಿದ್ಮೇಲೆ ಕೊಡ್ತಾರಂತೆ. ನನ್ನನ್ನು ತೆಗಿಬೇಡಿ ಆಯ್ತಾ." ವಾರ್‌ಗೆ ಜನ ಆರಿಸುವಾಗ ಅವನನ್ನು ಬಿಟ್ಟೆವು, ಕ್ಲಾನ್‌ನಲ್ಲಿ ಉಳಿಸಿಕೊಂಡೆವು. ಅಷ್ಟರಲ್ಲೇ ಮುಗಿಯಿತು.

ಉತ್ತರವೇ ಬಾರದಿದ್ದರೆ ಹೀಗೆ ಬರೆದು ತೆಗೆಯುತ್ತೇವೆ: "ಕ್ಲಾನ್ ಫುಲ್ ಆಗಿದೆ. ನೀವು ತುಂಬಾ ದಿನದಿಂದ ಬಂದಿಲ್ಲ. ಜಾಗ ಬೇಕಾಗಿ ತೆಗೆದಿದ್ದೇವೆ. ಮತ್ತೆ ಆಡುವಾಗ ರಿಕ್ವೆಸ್ಟ್ ಹಾಕಿ." ಉಳಿದವರಿಗೂ ಚಾಟ್‌ನಲ್ಲಿ ಒಂದು ಸಾಲು ಹೇಳುತ್ತೇವೆ. ಇಲ್ಲದಿದ್ದರೆ ನಾಳೆ ನನ್ನ ಸರದಿಯೋ ಅಂತ ಅವರಿಗೂ ಅನಿಸುತ್ತದೆ. ಕೆಟ್ಟ ಮಾತು ಬೈದವನನ್ನು ತೆಗೆಯುವಾಗಲೂ ಕಾರಣ ಬರೆಯುತ್ತೇವೆ. ಕಾರಣ ಹೇಳಿದರೆ ಜಗಳಕ್ಕೆ ಬರುತ್ತಾರೆ ಅಂತ ಕೆಲವು ಲೀಡರ್‌ಗಳು ಹೇಳುತ್ತಾರೆ. ಕೆಲವರು ಬರುತ್ತಾರೆ, ನಿಜ. ಅಂಥವರಿಗೆ ಇನ್ನೊಮ್ಮೆ ಉತ್ತರ ಕೊಡಬೇಕಾಗಿಲ್ಲ. ಆದರೆ ಅವರಿಗೆ ಹೆದರಿ ಉಳಿದವರಿಗೂ ಹೇಳದೆ ಇರುವುದು ನ್ಯಾಯ ಅಲ್ಲ.

ಬಿಜಿಎಂಐ ಅನ್ನುವ ಶೂಟಿಂಗ್ ಆಟ ಆಡುವ ನಮ್ಮ ಕೆಲವರು ಡಿಸ್ಕಾರ್ಡ್ ಅನ್ನುವ ಚಾಟ್ ಆ್ಯಪಿನಲ್ಲಿ ಸೇರುತ್ತಾರೆ. ಅಲ್ಲಿಯೂ ಕಿಕ್ ಮಾಡುವಾಗ ಕಾರಣ ಬರೆಯುವ ಜಾಗ ಇದೆ. ಆದರೆ ಅದು ಆಡಿಟ್ ಲಾಗ್‌ಗೆ (ಗುಂಪು ನಡೆಸುವವರು ನೋಡುವ ದಾಖಲೆ) ಮಾತ್ರ ಹೋಗುತ್ತದೆ, ಹೊರಗೆ ಹೋದವರಿಗೆ ಕಾಣುವುದಿಲ್ಲ. ಕಿಕ್ ಮಾಡಿದ ಮೇಲೆ ಇಬ್ಬರೂ ಇರುವ ಬೇರೆ ಸರ್ವರ್ (ಡಿಸ್ಕಾರ್ಡ್ ಗುಂಪು) ಇಲ್ಲದಿದ್ದರೆ, ಫ್ರೆಂಡ್ ಲಿಸ್ಟಿನಲ್ಲೂ ಇಲ್ಲದಿದ್ದರೆ, ನೀವು ಕಳಿಸುವ ಮೆಸೇಜ್ ಅವರಿಗೆ ತಲುಪದೇ ಹೋಗಬಹುದು. ಅದಕ್ಕೇ ಡಿಸ್ಕಾರ್ಡ್‌ನಲ್ಲಿ ಮೆಸೇಜ್ ಮೊದಲು, ಬಟನ್ ಆಮೇಲೆ.