ಸಣ್ಣಪುಟ್ಟ ಆಕ್ಸಿಡೆಂಟ್ ರೆಕಾರ್ಡ್ ಇದ್ರೂ ಮತ್ತೆ ಲಾರಿ ಸ್ಟೇರಿಂಗ್ ಹಿಡಿಯೋದು ಹೇಗೆ

ಗೇಟಿನ ಕಂಬಕ್ಕೆ ಬಾಡಿ ಉಜ್ಜಿದ್ದು, ಪಕ್ಕದ ಗಾಡಿ ಮಿರರ್ ಒಡೆದಿದ್ದು, ರಿವರ್ಸಲ್ಲಿ ಹಿಂದೆ ನಿಂತಿದ್ದ ಗಾಡಿಯ ಬಂಪರಿಗೆ ತಾಗಿಸಿದ್ದು. ಒಂದೊಂದನ್ನೇ ನೋಡಿದ್ರೆ ದೊಡ್ಡ ವಿಷಯ ಅಲ್ಲ, ಯಾರಿಗೂ ಗಾಯ ಆಗಿರಲ್ಲ, ಆದ್ರೆ ಎರಡ್ಮೂರು ವರ್ಷದಲ್ಲಿ ಇಂಥವು ಮೂರ್ನಾಲ್ಕು ಸೇರ್ಕೊಂಡ್ರೆ ಕೆಲಸ ಹೋಗತ್ತೆ, ಆಮೇಲೆ ಬೇರೆ ಕಡೆ ಕೇಳಿದ್ರೆ ಮೊದಲು ಚೆನ್ನಾಗೇ ಮಾತಾಡಿದವರು ರೆಕಾರ್ಡ್ ನೋಡಿದ ಮೇಲೆ ಫೋನೇ ಎತ್ತಲ್ಲ. ಹೀಗೆ ಗಾಡಿ ಬಿಟ್ಟು ಕೂತಿರೋ ಡ್ರೈವರ್‌ಗಳಲ್ಲಿ ಒಳ್ಳೆ ಕೈ ಇರೋರು ಬಹಳ ಜನ ಇದಾರೆ. ಅವರು ವಾಪಸ್ ಬರೋಕೆ ದಾರಿ ಇದೆ. ಆದ್ರೆ ಹತ್ತು ಕಡೆ ಅರ್ಜಿ ಹಾಕೋದ್ರಿಂದ ಅದನ್ನ ಶುರು ಮಾಡಬಾರದು, ನಿಮ್ಮ ಆಕ್ಸಿಡೆಂಟ್‌ಗಳನ್ನ ನೀವೇ ಕೂತು ಓದೋದ್ರಿಂದ ಶುರು ಮಾಡಬೇಕು. ಯಾಕಂದ್ರೆ ಕೆಲಸ ಕೊಡೋರು ಎಷ್ಟು ಸಲ ತಾಗಿಸಿದ್ದೀರಿ ಅನ್ನೋ ಲೆಕ್ಕಕ್ಕಿಂತ ಜಾಸ್ತಿ ಹೆದರೋದು ಅದೇ ಥರದ್ದು ಮತ್ತೆ ಆಗತ್ತಾ ಅನ್ನೋದಕ್ಕೆ.

ಮೊದಲನೇ ಹೆಜ್ಜೆ: ರೆಕಾರ್ಡ್ ಕೈಗೆ ತಗೊಳ್ಳಿ

ನಿಮ್ಮ ಬಗ್ಗೆ ಕಾಗದದಲ್ಲಿ ಏನು ಬರ್ದಿದೆ ಅಂತ ನೋಡದೆ ಯಾರ ಹತ್ರಾನೂ ಹೋಗ್ಬೇಡಿ. ನಿಮ್ಮ ಲೈಸೆನ್ಸ್ ದಾಖಲೆ, ಹಳೇ ಕಂಪನಿ ಬರೆದಿಟ್ಟಿರೋ ಆಕ್ಸಿಡೆಂಟ್ ರಿಪೋರ್ಟು, ಇನ್ಶೂರೆನ್ಸ್ ಕ್ಲೇಮ್ ಕಾಗದ, ಪೊಲೀಸ್ ಕಡೆಯಿಂದ ಏನಾದ್ರೂ ಇದ್ರೆ ಅದು, ಸಿಕ್ಕಷ್ಟನ್ನೂ ಒಂದು ಫೈಲಲ್ಲಿ ಹಾಕ್ಕೊಳ್ಳಿ. ಯಾವ ದೇಶದಲ್ಲಿ ಗಾಡಿ ಓಡಿಸ್ತೀರೋ ಅಲ್ಲಿನ ನಿಯಮ ತಿಳ್ಕೊಳ್ಳಿ, ಅದು ಒಂದೊಂದು ಕಡೆ ಒಂದೊಂದು ಥರ. ಅಮೆರಿಕದಲ್ಲಿ ಹೊಸ ಕಂಪನಿ ನಿಮ್ಮ ಹಿಂದಿನ 3 ವರ್ಷದ ಮಾಲೀಕರನ್ನ ಆಕ್ಸಿಡೆಂಟ್ ಬಗ್ಗೆ ಕೇಳ್ಲೇಬೇಕು, ಅವರು 30 ದಿನದೊಳಗೆ ಉತ್ತರ ಕೊಡಬೇಕು, ಆ ಉತ್ತರ ನೋಡೋ ಹಕ್ಕು ಡ್ರೈವರ್‌ಗೂ ಇದೆ, ತಪ್ಪಿದ್ರೆ ತಿದ್ದಿಸೋ ಹಕ್ಕೂ ಇದೆ, ಅವರು ತಿದ್ದಲ್ಲ ಅಂದ್ರೆ ನಿಮ್ಮ ಮಾತನ್ನ ಬರವಣಿಗೆಯಲ್ಲಿ ಅದರ ಜೊತೆ ಸೇರಿಸೋ ಹಕ್ಕೂ ಇದೆ. ಅಲ್ಲಿ ಸರ್ಕಾರಿ ಲೆಕ್ಕಕ್ಕೆ ಆಕ್ಸಿಡೆಂಟ್ ಅಂತ ಸೇರೋಕೆ ಯಾರಾದ್ರೂ ಸತ್ತಿರಬೇಕು, ಇಲ್ಲಾ ಗಾಯ ಆಗಿ ತಕ್ಷಣ ಬೇರೆ ಕಡೆ ಕರ್ಕೊಂಡು ಹೋಗಿ ಚಿಕಿತ್ಸೆ ಕೊಡಿಸಿರಬೇಕು, ಇಲ್ಲಾ ಗಾಡಿ ಓಡದಂಗಾಗಿ ಎಳ್ಕೊಂಡು ಹೋಗಿರಬೇಕು. ಯಾರ್ಡಲ್ಲಿ ಬಂಪರ್ ತಾಗಿದ್ದು ಅದರೊಳಗೆ ಬರಲ್ಲ, ಆದ್ರೂ ಕಂಪನಿಯ ಸ್ವಂತ ಪುಸ್ತಕದಲ್ಲಿ ಇರಬಹುದು. ಈ ಎರಡು ಲೆಕ್ಕ ಬೇರೆ ಬೇರೆ ಅಂತ ಗೊತ್ತಿರ್ಲಿ.

ಭಾರತದಲ್ಲಾದ್ರೆ ಮೊದಲು ಲೈಸೆನ್ಸ್ ತಾರೀಖು ನೋಡಿ. 2019ರ ತಿದ್ದುಪಡಿ ಆದ್ಮೇಲೆ ಟ್ರಾನ್ಸ್‌ಪೋರ್ಟ್ ಲೈಸೆನ್ಸ್ 5 ವರ್ಷಕ್ಕೆ ಕೊಡ್ತಾರೆ, ಮುಗಿದು 1 ವರ್ಷ ದಾಟಿದ್ರೆ ಮತ್ತೆ ಟೆಸ್ಟ್ ಕೊಟ್ಟು ಪಾಸಾಗಬೇಕು. ಯುರೋಪಿನ ದೇಶಗಳಲ್ಲಿ ವೃತ್ತಿಯ ಡ್ರೈವರ್‌ಗಳಿಗೆ 5 ವರ್ಷಕ್ಕೊಂದ್ಸಲ 35 ಗಂಟೆ ತರಬೇತಿ ಕಡ್ಡಾಯ. ಗಾಡಿ ಬಿಟ್ಟು ಬಹಳ ದಿನ ಆಗಿದ್ರೆ ಇಂಥವು ಮುಗಿದು ಹೋಗಿರ್ತವೆ, ಆಕ್ಸಿಡೆಂಟ್ ಬಗ್ಗೆ ತಲೆ ಕೆಡಿಸ್ಕೊಳ್ಳೋ ಭರದಲ್ಲಿ ಇದನ್ನ ಮರೀಬೇಡಿ.

ಎರಡನೇ ಹೆಜ್ಜೆ: ನಾಲ್ಕು ಆಕ್ಸಿಡೆಂಟಲ್ಲಿ ಒಂದೇ ಕಾರಣ ಹುಡುಕಿ

ಇಡೀ ಲೇಖನದಲ್ಲಿ ಜಾಸ್ತಿ ಟೈಮ್ ಕೊಡಬೇಕಾದ ಕೆಲಸ ಇದೇ. ಒಂದು ಹಾಳೆ ತಗೊಂಡು ಪ್ರತಿ ಘಟನೆಗೂ ಬರೀರಿ: ಹೊತ್ತು ಎಷ್ಟು, ಎದ್ದು ಎಷ್ಟು ಗಂಟೆ ಆಗಿತ್ತು, ಗಾಡಿ ಮುಂದೆ ಹೋಗ್ತಿತ್ತಾ ಹಿಂದೆ ಬರ್ತಿತ್ತಾ, ಸ್ಪೀಡ್ ಎಷ್ಟು, ಲೋಡ್ ಇತ್ತಾ ಖಾಲಿನಾ, ಗಾಡಿಯ ಯಾವ ಮೂಲೆ ತಾಗಿತು, ಆ ಜಾಗಕ್ಕೆ ಮೊದಲನೇ ಸಲ ಹೋಗಿದ್ರಾ, ಹಿಂದೆ ಯಾರಾದ್ರೂ ನಿಂತು ಹೇಳ್ತಿದ್ರಾ, ಲೇಟಾಗಿತ್ತಾ, ಫೋನ್ ಬಂದಿತ್ತಾ. ಯಾರ ತಪ್ಪು ಅನ್ನೋ ಕಾಲಂ ಬೇಡ. ಸೇಫ್ಟಿ ನೋಡ್ಕೊಳ್ಳೋರು ಕೇಳೋದು, ಡ್ರೈವರ್ ತಾನು ಮಾಡಬಹುದಾದ್ದನ್ನೆಲ್ಲ ಮಾಡಿದ್ರೆ ಇದು ತಪ್ತಿತ್ತಾ ಅಂತ. ಕಾನೂನಿನ ಪ್ರಕಾರ ತಪ್ಪು ಎದುರಿನವನದ್ದೇ ಆಗಿದ್ರೂ ಆ ಪ್ರಶ್ನೆಗೆ ಹೌದು ಅನ್ನೋ ಉತ್ತರ ಬರಬಹುದು.

ಹೀಗೆ ಬರೆದಾಗ ಸಾಮಾನ್ಯವಾಗಿ ಮೂರ್ನಾಲ್ಕು ಮಾದರಿಗಳಲ್ಲಿ ಒಂದು ಎದ್ದು ಕಾಣತ್ತೆ.

ರಿವರ್ಸ್‌ದೇ ಜಾಸ್ತಿ ಇದ್ರೆ, ತಾಗಿದ್ದು ಯಾವ ಕಡೆ ನೋಡಿ. ಡ್ರೈವರ್ ಕೂತಿರೋ ಸೈಡಿಗೆ ತಿರುಗಿಸಿ ಹಿಂದೆ ತಗೊಂಡ್ರೆ ಕಿಟಕಿಯಿಂದ ತಲೆ ಹಾಕಿ ಟ್ರೇಲರ್ ಹಿಂಭಾಗ ನೋಡಬಹುದು, ಆಚೆ ಕಡೆಗೆ ತಿರುಗಿಸಿದ್ರೆ ಟ್ರೇಲರೇ ಮಿರರಿಗೆ ಅಡ್ಡ ಬಂದು ಏನೂ ಕಾಣಲ್ಲ. ಇಂಥ ಆಕ್ಸಿಡೆಂಟ್ ಎಷ್ಟೋ ಸಲ ಆಗೋದು ಆ ಕುರುಡು ಸೈಡಲ್ಲೇ. ಒಂದು ಸುತ್ತು ಹಾಕ್ಕೊಂಡು ಬಂದು ಕಾಣೋ ಸೈಡಿಂದ ಹಾಕ್ಬಹುದಿತ್ತಾ ಅಂತ ಕೇಳ್ಕೊಳ್ಳಿ.

ಕಂಬ, ಗೇಟು, ಮೂಲೆ ಗೋಡೆಗೆ ಬಾಡಿ ಉಜ್ಜಿದ್ದೇ ಜಾಸ್ತಿ ಅಂದ್ರೆ ಅದು ತಿರುವಿನ ಸಮಸ್ಯೆ. ಮುಂದಿನ ಚಕ್ರ ಹೋದ ದಾರೀಲಿ ಹಿಂದಿನ ಚಕ್ರ ಬರಲ್ಲ, ಒಳಗಡೆ ಕತ್ತರಿಸ್ಕೊಂಡು ಬರತ್ತೆ, ಗಾಡಿ ಉದ್ದ ಇದ್ದಷ್ಟೂ ಜಾಸ್ತಿ. ಅದೇ ಹೊತ್ತಿಗೆ ಹಿಂದಿನ ಆಕ್ಸಲ್ ಆಚೆಗೆ ಚಾಚಿರೋ ಬಾಡಿ ಎದುರು ಕಡೆಗೆ ಹೊರಳತ್ತೆ, ಬಲಕ್ಕೆ ತಿರುಗಿದ್ರೆ ಬಾಲ ಎಡಕ್ಕೆ. ತಿರುವಿನ ಒಳಗಡೆ ಬರೋ ಸೈಡಿನ ಮಿರರ್ ಮಾತ್ರ ನೋಡೋ ಅಭ್ಯಾಸ ಇದ್ದೋರಿಗೆ ಬಾಲ ತಾಗತ್ತೆ, ಮುಂದೆ ಮಾತ್ರ ನೋಡೋರಿಗೆ ಹೊಟ್ಟೆ ಉಜ್ಜತ್ತೆ.

ಮೇಲ್ಗಡೆ ತಾಗಿದ್ದಾದ್ರೆ, ಗಾಡಿ ಖಾಲಿ ಇತ್ತಾ ನೋಡಿ. ಲೋಡ್ ಇದ್ದಾಗ ಸ್ಪ್ರಿಂಗು ಟೈರು ಅದುಮಿ ಗಾಡಿ ಕೆಳಗಿರತ್ತೆ, ಖಾಲಿ ಆದ್ಮೇಲೆ ಎತ್ತರ ಆಗತ್ತೆ, ಹೋಗೋವಾಗ ದಾಟಿದ ಅದೇ ಸೇತುವೆ ಬರೋವಾಗ ತಾಗತ್ತೆ. ರಸ್ತೆಗೆ ಹೊಸದಾಗಿ ಡಾಂಬರು ಹಾಕಿದ್ರೂ ಬೋರ್ಡಲ್ಲಿರೋ ಎತ್ತರ ಸುಳ್ಳಾಗಬಹುದು.

ಇನ್ನು ಮುಂದಿನ ಗಾಡಿಗೆ ಮೆಲ್ಲಗೆ ಗುದ್ದಿದ್ದು, ಲೇನ್ ಬಿಟ್ಟು ಪಕ್ಕಕ್ಕೆ ಜಾರಿದ್ದು ಇದ್ರೆ ಹೊತ್ತು ನೋಡ್ಲೇಬೇಕು. ರಾತ್ರಿ 2ರಿಂದ ಬೆಳಗ್ಗೆ 6ರ ಒಳಗೆ, ಇಲ್ಲಾ ಮಧ್ಯಾಹ್ನ ಊಟ ಆದ್ಮೇಲಿನ ಮಂಪರಿನ ಹೊತ್ತಲ್ಲಿ ಆಗಿದ್ರೆ, ಕೈಯ ತಪ್ಪು ಹುಡುಕೋದು ಬಿಟ್ಟು ನಿದ್ದೆಯ ತಪ್ಪು ಹುಡುಕಿ. 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದ್ದಾರೆ, 17 ಗಂಟೆ ನಿದ್ದೆ ಇಲ್ದೆ ಇದ್ದೋರ ಕೈ ಕಣ್ಣಿನ ಚುರುಕು ರಕ್ತದಲ್ಲಿ 0.05 ಪರ್ಸೆಂಟ್ ಆಲ್ಕೋಹಾಲ್ ಇದ್ದೋರಷ್ಟಕ್ಕೆ ಇಳಿಯತ್ತೆ. ಜೋರಾಗಿ ಗೊರಕೆ ಹೊಡೀತೀರಿ, ಎಷ್ಟು ಮಲಗಿದ್ರೂ ಸುಸ್ತು ಹೋಗಲ್ಲ ಅನ್ನೋರು ನಿದ್ದೆಯಲ್ಲಿ ಉಸಿರು ಕಟ್ಟೋ ತೊಂದರೆ ಇದೆಯಾ ಅಂತ ಡಾಕ್ಟರ್ ಹತ್ರ ಟೆಸ್ಟ್ ಮಾಡಿಸ್ಕೊಳ್ಳಿ, ಅದಕ್ಕೆ ಚಿಕಿತ್ಸೆ ಇದೆ. ಕಣ್ಣೂ ತೋರಿಸ್ಕೊಳ್ಳಿ, ಅದರಲ್ಲೂ ಪಕ್ಕದ ನೋಟ.

ಮೂರನೇ ಹೆಜ್ಜೆ: ಕೈ ತಿದ್ದಿಕೊಳ್ಳಿ

ಎಲ್ಲಾನೂ ಮತ್ತೆ ಕಲಿಯೋದು ಬೇಕಿಲ್ಲ, ಹಾಳೆಯಲ್ಲಿ ಕಂಡಿದ್ದನ್ನ ಮಾತ್ರ ತಿದ್ದಿ. ತರಬೇತಿ ಶಾಲೆಗೆ ಹೋದ್ರೆ ಇನ್‌ಸ್ಟ್ರಕ್ಟರಿಗೆ ನೇರವಾಗಿ ಹೇಳಿ, ನಂಗೆ ಕುರುಡು ಸೈಡ್ ರಿವರ್ಸ್ ಬೇಕು, ಅದನ್ನೇ ಮಾಡ್ಸಿ ಅಂತ. ಪರಿಚಯದೋರ ಗಾಡಿ, ಖಾಲಿ ಯಾರ್ಡ್ ಸಿಕ್ಕಿದ್ರೂ ಸಾಕು, ಪಕ್ಕದಲ್ಲಿ ಅನುಭವಸ್ಥ ಒಬ್ಬರು ಇರಲಿ. ಗಾಡಿ ಅಗಲಕ್ಕಿಂತ ಒಂದು ಮೀಟರ್ ಜಾಸ್ತಿ ಬಿಟ್ಟು ಸುಮಾರು 30 ಮೀಟರ್ ಉದ್ದಕ್ಕೆ ಎರಡೂ ಕಡೆ ಕೋನ್ ಇಟ್ಟು ಮೊದಲು ನೇರ ರಿವರ್ಸ್ ಮಾಡಿ, ಅದು ಕೈಗೆ ಕೂತ ಮೇಲೆ ಪಕ್ಕದ ಸಾಲಿಗೆ ಹಾಕೋದು, ಆಮೇಲೆ ಅಡ್ಡ ನಿಂತು ಡಾಕಿಗೆ, ಅಂದ್ರೆ ಮಾಲು ಹತ್ತಿಸಿ ಇಳಿಸೋ ಕಟ್ಟೆಗೆ, ಹಾಕೋದು. ಟ್ರೇಲರ್ ಆದ್ರೆ ಸ್ಟೇರಿಂಗಿನ ಕೆಳಭಾಗ ಹಿಡೀರಿ, ಕೈ ಯಾವ ಕಡೆ ಹೋಗತ್ತೋ ಟ್ರೇಲರಿನ ಬಾಲ ಆ ಕಡೆ ಹೋಗತ್ತೆ, ತಲೆಯಲ್ಲಿ ಉಲ್ಟಾ ಲೆಕ್ಕ ಹಾಕೋದು ತಪ್ಪತ್ತೆ. ಆಕ್ಸಿಲರೇಟರ್ ಮುಟ್ಟಬೇಡಿ, ಚಿಕ್ಕ ಗೇರಲ್ಲಿ ಗಾಡಿ ತಾನಾಗಿ ಎಷ್ಟು ಬರತ್ತೋ ಅಷ್ಟೇ ಸ್ಪೀಡ್. ಸ್ವಲ್ಪ ಅನುಮಾನ ಬಂದ್ರೂ ಮುಂದೆ ಎಳೆದು ನೇರ ಮಾಡ್ಕೊಂಡು ಮತ್ತೆ ಹಾಕಿ, ಹಾಗೆ ಎಳೆಯೋದು ನಾಚಿಕೆ ಕೆಲಸ ಅಂತ ಯಾರೋ ತಲೆಗೆ ತುಂಬಿರ್ತಾರೆ, ಅದನ್ನ ಕಿತ್ತು ಬಿಸಾಕಿ.

ಇಳಿದು ನೋಡೋದು ಇನ್ನೊಂದು. ಹ್ಯಾಂಡ್ ಬ್ರೇಕ್ ಹಾಕಿ, ಇಳಿದು, ಗಾಡಿ ಸುತ್ತ ನಡೆದು, ನೆಲ ನೋಡಿ, ಮೇಲ್ಗಡೆ ವೈರು ತಗಡು ನೋಡಿ, ಆಮೇಲೆ ಹತ್ತಿ. ಹತ್ತಿ ಐದು ನಿಮಿಷ ಫೋನಲ್ಲಿ ಮಾತಾಡಿದ್ರೆ ಆ ನೋಟ ಹಳೇದಾಯ್ತು, ಅಷ್ಟರಲ್ಲಿ ಹಿಂದೆ ಯಾರೋ ಪ್ಯಾಲೆಟ್ ಇಟ್ಟಿರಬಹುದು, ಮತ್ತೆ ಇಳೀರಿ. ಹಿಂದೆ ನಿಂತು ಹೇಳೋಕೆ ಯಾರಾದ್ರೂ ಸಿಕ್ಕಿದ್ರೆ ಮೊದಲೇ ಮಾತಾಡ್ಕೊಳ್ಳಿ: "ಅಣ್ಣ, ಕೈ ಎತ್ತಿದ್ರೆ ನಿಲ್ಲಿಸ್ತೀನಿ, ನೀವು ಮಿರರಲ್ಲಿ ಕಾಣ್ದೆ ಹೋದ್ರೂ ನಿಲ್ಲಿಸ್ತೀನಿ." ಬಾ ಬಾ ಅಂತ ಕೂಗೋದನ್ನ ನಂಬ್ಕೊಂಡು ಬರಬೇಡಿ.

ಉಬ್ಬು ಕನ್ನಡಿಯಲ್ಲಿ ವಸ್ತು ಚಿಕ್ಕದಾಗಿ, ನಿಜಕ್ಕಿಂತ ದೂರ ಇದ್ದಂಗೆ ಕಾಣತ್ತೆ. ಯಾರ್ಡಲ್ಲಿ ಕೋನ್ ಇಟ್ಟು ಕನ್ನಡಿಯಲ್ಲಿ ಅದು ಎಷ್ಟು ದೂರ ಕಾಣತ್ತೆ, ನಿಜವಾಗಿ ಎಷ್ಟಿದೆ ಅಂತ ಇಳಿದು ಹೆಜ್ಜೆ ಹಾಕಿ ಅಳೀರಿ, ಕಣ್ಣು ತಿದ್ದೋಕೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ.

ಮುಂದಿನ ಗಾಡಿಗೆ ಗುದ್ದಿದೋರು ಈ ಲೆಕ್ಕ ನೆನಪಿಟ್ಕೊಳ್ಳಿ. 80 ಕಿಲೋಮೀಟರ್ ಸ್ಪೀಡಲ್ಲಿ ಸೆಕೆಂಡಿಗೆ 22 ಮೀಟರ್ ಹೋಗ್ತೀರಿ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗೋಕೆ ಒಂದೂವರೆ ಸೆಕೆಂಡ್ ಅಂದ್ರೂ 33 ಮೀಟರ್, ಏರ್ ಬ್ರೇಕಲ್ಲಿ ಗಾಳಿ ಚಕ್ರದವರೆಗೂ ತಲುಪೋಕೆ ಇನ್ನೂ ಸುಮಾರು ಅರ್ಧ ಸೆಕೆಂಡ್, ಅಂದ್ರೆ 11 ಮೀಟರ್. ಬ್ರೇಕ್ ಹಿಡಿಯೋಕೆ ಶುರು ಆಗೋ ಮೊದಲೇ 44 ಮೀಟರ್ ಮುಗಿದಿರತ್ತೆ.

ನಾಲ್ಕನೇ ಹೆಜ್ಜೆ: ಸರಿಯಾದ ಕೆಲಸ ಆರಿಸಿ

ಇಲ್ಲಿ ಬಹಳ ಜನ ಎಡವೋದು. ಸಿಕ್ಕಿದ ಕೆಲಸ ಸಾಕು ಅಂತ ಸಿಟಿಯೊಳಗೆ ದಿನಕ್ಕೆ ಹತ್ತಾರು ಅಂಗಡಿಗೆ ಮಾಲು ಇಳಿಸೋ ಗಾಡಿ ಹಿಡೀತಾರೆ, ಅದು ಬೇಗ ಸಿಗತ್ತೆ ನಿಜ, ಆದ್ರೆ ರಿವರ್ಸಲ್ಲೇ ರೆಕಾರ್ಡ್ ಕೆಡಿಸ್ಕೊಂಡೋರಿಗೆ ದಿನಾ ಇಪ್ಪತ್ತು ಸಲ ರಿವರ್ಸ್ ಹಾಕೋ ಕೆಲಸ ಯಾಕೆ? ಅವರಿಗೆ ದೂರದ ಟ್ರಿಪ್ಪು, ದೊಡ್ಡ ಯಾರ್ಡಿಂದ ದೊಡ್ಡ ಯಾರ್ಡಿಗೆ ಹೋಗಿ ಟ್ರೇಲರ್ ಬಿಟ್ಟು ಇನ್ನೊಂದು ಸಿಗಿಸ್ಕೊಂಡು ಬರೋ ಕೆಲಸ ಒಳ್ಳೇದು. ನಿದ್ದೆಯಿಂದ ಲೇನ್ ಬಿಟ್ಟೋರಿಗೆ ಇದರ ಉಲ್ಟಾ, ಹಗಲಿನ ಶಿಫ್ಟು, ರಾತ್ರಿ ಮನೆಗೆ ಬಂದು ಮಲಗೋ ಕೆಲಸ. ಉದ್ದದ ಗಾಡಿಯಲ್ಲಿ ತಿರುವು ಉಜ್ಜಿದೋರು ಸ್ವಲ್ಪ ದಿನ ಚಿಕ್ಕ ಗಾಡಿ ಓಡಿಸ್ಲಿ, ಸಂಬಳ ಕಡಿಮೆ ಆದ್ರೂ ಪರ್ವಾಗಿಲ್ಲ.

ಸಂದರ್ಶನದಲ್ಲಿ ಅವರು ಕೇಳೋ ಮೊದಲೇ ನೀವೇ ಹೇಳಿ. ಹೇಳೋ ರೀತಿ ಹೀಗಿರಲಿ: "ಸರ್, ಹಿಂದಿನ ಕಂಪನಿಯಲ್ಲಿ ನಂದು ಮೂರು ಸಣ್ಣ ಆಕ್ಸಿಡೆಂಟ್ ಇದೆ. ಮೂರೂ ರಿವರ್ಸಲ್ಲಿ, ಮೂರೂ ಆಚೆ ಸೈಡಲ್ಲಿ, ಯಾರಿಗೂ ಗಾಯ ಇಲ್ಲ. ಇಳಿದು ನೋಡ್ದೆ ಹಾಕಿದ್ದೆ. ಈಗ ಯಾರ್ಡಲ್ಲಿ ಇದನ್ನೇ ಪ್ರಾಕ್ಟೀಸ್ ಮಾಡಿದ್ದೀನಿ, ಕಾಗದ ಇಲ್ಲಿದೆ, ಬೇಕಾದ್ರೆ ಈಗ್ಲೇ ಗಾಡಿ ಕೊಟ್ಟು ನೋಡಿ." ಇಷ್ಟೇ. ಹಳೇ ಸೂಪರ್‌ವೈಸರನ್ನ ಬೈಯೋದು, ಜಾಗ ಇಕ್ಕಟ್ಟಿತ್ತು ಅಂತ ಕಥೆ ಹೇಳೋದು ಬೇಡ. ಫಾರ್ಮಲ್ಲಿ ಆಕ್ಸಿಡೆಂಟ್ ಕಾಲಂ ಖಾಲಿ ಬಿಟ್ಟು ಸಿಕ್ಕಿಬಿದ್ರೆ ಆಮೇಲೆ ಅದು ಸುಳ್ಳು ಹೇಳಿದ ರೆಕಾರ್ಡ್ ಆಗತ್ತೆ, ಬಂಪರ್ ತಾಗಿಸಿದ ರೆಕಾರ್ಡಿಗಿಂತ ಅದು ಎಷ್ಟೋ ಕೆಟ್ಟದ್ದು.

ಮ್ಯಾನೇಜರ್ ಒಪ್ಪಿದ್ರೂ ಕೆಲವು ಸಲ ಆಗಲ್ಲ ಅಂತಾರೆ, ಯಾಕಂದ್ರೆ ಆ ಕಂಪನಿಯ ಇನ್ಶೂರೆನ್ಸ್‌ನವರು ಇಂತಿಷ್ಟು ವರ್ಷದಲ್ಲಿ ಇಂತಿಷ್ಟಕ್ಕಿಂತ ಜಾಸ್ತಿ ಇದ್ದೋರು ಬೇಡ ಅಂತ ಷರತ್ತು ಹಾಕಿರ್ತಾರೆ. ಬೇಜಾರು ಮಾಡ್ಕೊಳ್ಳದೆ ನೇರವಾಗಿ ಕೇಳಿ, ಹಳೇ ಘಟನೆ ಯಾವ ತಿಂಗಳಿಗೆ ನಿಮ್ಮ ಲೆಕ್ಕದಿಂದ ಆಚೆ ಹೋಗತ್ತೆ ಅಂತ. ಆ ತಿಂಗಳು ಬರ್ಕೊಂಡು ಅವತ್ತು ಮತ್ತೆ ಫೋನ್ ಮಾಡಿ.

ಐದನೇ ಹೆಜ್ಜೆ: ಮೊದಲ ಕೆಲವು ತಿಂಗಳು

ಹೊಸ ಜಾಗಕ್ಕೆ ಹೋಗೋ ಮುಂಚೆ ಅಲ್ಲಿಗೆ ಹೋಗಿ ಬಂದಿರೋ ಡ್ರೈವರಿಗೆ ಫೋನ್ ಮಾಡಿ ಗೇಟು ಎಷ್ಟು ಅಗಲ, ಯಾವ ಕಡೆಯಿಂದ ಹಾಕ್ಬೇಕು ಕೇಳಿ. ಹತ್ತಿರ ಬಂದು ತಪ್ಪಿದ್ದನ್ನೂ ಒಂದು ಪುಸ್ತಕದಲ್ಲಿ ಬರ್ದಿಡಿ, ನಿಮ್ಮ ಹಾಳೆಯಲ್ಲಿದ್ದ ಹಳೇ ಮಾದರಿ ಮತ್ತೆ ತಲೆ ಎತ್ತಿದ್ರೆ ತಾಗೋ ಮೊದಲೇ ಅದರಲ್ಲಿ ಗೊತ್ತಾಗತ್ತೆ. ಲೇಟ್ ಆಗ್ತಿದ್ರೆ ಮೊದಲೇ ಆಫೀಸಿಗೆ ಹೇಳಿ, ಯಾರ್ಡಲ್ಲಿ ಹತ್ತು ನಿಮಿಷ ಉಳಿಸೋಕೆ ಹೋಗ್ಬೇಡಿ.

ಇಷ್ಟಾದ್ರೂ ತಾಗಿದ್ರೆ? ನಿಲ್ಲಿಸಿ, ಇಳೀರಿ, ಗಾಡಿ ಅಲುಗಾಡಿಸೋ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೀರಿ, ಸೂಪರ್‌ವೈಸರಿಗೆ ನೀವೇ ಫೋನ್ ಮಾಡಿ, ಎದುರು ಗಾಡಿಯ ಡ್ರೈವರ್ ಇಲ್ಲದಿದ್ರೆ ಹುಡುಕಿ ಹೇಳಿ. ಯಾರೂ ನೋಡಿಲ್ಲ ಅಂತ ಹೊರಟು ಹೋದ್ರೆ ಕ್ಯಾಮೆರಾದಲ್ಲಿ ಸಿಗತ್ತೆ, ಆಗ ಸಣ್ಣ ಗೀರು ಗುದ್ದಿ ಓಡಿಹೋದ ಕೇಸಾಗತ್ತೆ, ಅಂಥದ್ದರಿಂದ ವಾಪಸ್ ಬರೋದು ನಿಜಕ್ಕೂ ಕಷ್ಟ.

ಒಂದು ವರ್ಷ ಏನೂ ಆಗದೆ ಕಳೆದ್ರೆ ಕಂಪನಿಯಿಂದ ಅದನ್ನ ಬರವಣಿಗೆಯಲ್ಲಿ ತಗೊಳ್ಳಿ: ಇಂಥ ತಾರೀಖಿಂದ ಇಂಥ ತಾರೀಖಿನವರೆಗೆ ಇಂಥ ಗಾಡಿ ಓಡಿಸಿದ್ದಾರೆ, ಆಕ್ಸಿಡೆಂಟ್ ಇಲ್ಲ, ಅಂತ ಸಹಿ ಸೀಲು ಹಾಕಿದ ಒಂದು ಪುಟ. ಮ್ಯಾನೇಜರ್ ಬದಲಾಗ್ತಾರೆ, ಕಂಪನಿ ಮುಚ್ಚತ್ತೆ, ಆಮೇಲೆ ಕೇಳಿದ್ರೆ ಕೊಡೋರು ಸಿಗಲ್ಲ, ಹಂಗಾಗಿ ಕೆಲಸ ಬಿಡೋ ಯೋಚನೆ ಇಲ್ಲದಿರುವಾಗ್ಲೇ ಕೇಳಿ ತಗೊಂಡು ಆ ಫೈಲಿಗೆ ಸೇರಿಸಿ.