‘ಮೊದ್ಲಿಂದ್ಲೂ ಹಂಗೇ’ ಎಂಬ ಉತ್ತರ

ತುಮಕೂರು ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಬೌದ್ಧಿಕ ಅಂಗವೈಕಲ್ಯವುಳ್ಳ ವಯಸ್ಕರ ದೈಹಿಕ ಆರೋಗ್ಯದ ಅಧ್ಯಯನಕ್ಕೆ ಹೊರಟಾಗ ನನ್ನ ಚೀಲದಲ್ಲಿದ್ದದ್ದು ನಾನೇ ಸಿದ್ಧಪಡಿಸಿದ್ದ, ನನಗೆ ಬಹಳ ಹಿಡಿಸಿದ್ದ ಒಂದು ಪ್ರಶ್ನಾವಳಿ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮನೆ ತೋರಿಸುತ್ತಿದ್ದರು, ತಾಯಿಯೋ ಅತ್ತಿಗೆಯೋ ಉತ್ತರಿಸುತ್ತಿದ್ದರು, ನಾನು ಗುರುತು ಹಾಕಿಕೊಳ್ಳುತ್ತಿದ್ದೆ. ಯಾರ ಆರೋಗ್ಯವನ್ನು ವಿಚಾರಿಸುತ್ತಿದ್ದೆನೋ ಅವರು ಪಕ್ಕದ ಜಗಲಿಯ ಮೇಲೆ ಸುಮ್ಮನೆ ಕುಳಿತಿರುತ್ತಿದ್ದರು.

ಆ ಪ್ರಶ್ನಾವಳಿಯ ಮೇಲಿನ ನಂಬಿಕೆ ಹೋದದ್ದು ಒಬ್ಬ ಯುವಕನ ಮನೆಯಲ್ಲಿ. ಅವನು ಅಂಗೈಯಿಂದ ತನ್ನ ಎಡಗೆನ್ನೆಗೆ ಮತ್ತೆ ಮತ್ತೆ ಹೊಡೆದುಕೊಳ್ಳುತ್ತಿದ್ದ. ಕೇಳಿದ್ದಕ್ಕೆ ಅವನ ತಾಯಿ, “ಮೊದ್ಲಿಂದ್ಲೂ ಹಂಗೇ ಮೇಡಂ, ಅವನ ಸ್ವಭಾವಾನೇ ಅದು” ಎಂದರು. ನಾನು ‘ನಡವಳಿಕೆಯ ಸಮಸ್ಯೆ’ ಎಂಬಲ್ಲಿ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋದೆ. ಎರಡನೆಯ ಭೇಟಿಗೆ ದಂತವೈದ್ಯೆಯಾದ ಗೆಳತಿಯೊಬ್ಬರು ಜೊತೆಗೆ ಬಂದಿದ್ದರು. ಎಡಗಡೆಯ ಎರಡು ದವಡೆ ಹಲ್ಲುಗಳು ಬುಡದವರೆಗೂ ಹುಳುಕಾಗಿ ಒಸಡಿನಲ್ಲಿ ಕೀವು ತುಂಬಿತ್ತು. ಹಲ್ಲು ಕಿತ್ತು ಗಾಯ ಮಾಗಿದ ಮೇಲೆ ಹೊಡೆದುಕೊಳ್ಳುವುದೂ ನಿಂತಿತು. ತಾಯಿಯನ್ನು ದೂರುವಂತಿರಲಿಲ್ಲ, ಏಕೆಂದರೆ ಮೊದಲು ತೋರಿಸಿದ ಕಡೆ ಬಾಯಿ ತೆರೆಸಿ ನೋಡದೆಯೇ ನಿದ್ದೆಯ ಮಾತ್ರೆ ಬರೆದು ಕಳಿಸಿದ್ದರು. ಬೇರೊಂದು ಕಾಯಿಲೆಯ ಲಕ್ಷಣವನ್ನು ಅಂಗವೈಕಲ್ಯದ ಲೆಕ್ಕಕ್ಕೆ ಬರೆದುಬಿಡುವ ಈ ತಪ್ಪನ್ನು ಸಂಶೋಧಕರು 1980ರ ದಶಕದಲ್ಲಿಯೇ ಗುರುತಿಸಿದ್ದರು. ಅದನ್ನು ಓದಿಕೊಂಡೂ ನಾನು ಅದನ್ನೇ ಮಾಡಿದ್ದೆ.

ಪ್ರಶ್ನಾವಳಿಯನ್ನು ಹರಿದು ಹೊಸದಾಗಿ ಬರೆದೆ. ‘ನೋವಿದೆಯೇ’ ಎಂದು ಕೇಳುವುದನ್ನು ಬಿಟ್ಟು, ಕಳೆದ ಯುಗಾದಿಯಿಂದೀಚೆಗೆ ನಿದ್ದೆ, ಊಟ, ನಡಿಗೆ, ಸಿಟ್ಟು, ಮುಟ್ಟಿನ ದಿನಗಳು, ಮಲವಿಸರ್ಜನೆ ಇವುಗಳಲ್ಲಿ ಏನು ಬದಲಾಗಿದೆ ಎಂದು ಕೇಳತೊಡಗಿದೆ. ತಿಂಗಳ ಲೆಕ್ಕಕ್ಕಿಂತ ಹಬ್ಬದ ಲೆಕ್ಕ ಮನೆಯವರಿಗೆ ಚೆನ್ನಾಗಿ ನೆನಪಿರುತ್ತದೆ. ‘ಈಚೆಗೆ ಸೋಮಾರಿಯಾಗಿದ್ದಾಳೆ’ ಎಂಬ ಮಾತು ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ ವರ್ಣತಂತು ವ್ಯತ್ಯಾಸ) ಇರುವವರ ಮನೆಯಲ್ಲಿ ಕೇಳಿಬಂದರೆ ಥೈರಾಯ್ಡ್ ಪರೀಕ್ಷೆಗೆ ಬರೆದುಕೊಳ್ಳುತ್ತಿದ್ದೆ, ಏಕೆಂದರೆ ಆ ಗ್ರಂಥಿಯ ಸ್ರಾವದ ಕೊರತೆ ಅವರಲ್ಲಿ ಇತರರಿಗಿಂತ ಬಹಳ ಹೆಚ್ಚು. ‘ಕರೆದರೂ ಓಗೊಡುವುದಿಲ್ಲ’ ಎಂದರೆ ಮೊದಲು ಕಿವಿಯಲ್ಲಿ ಗುಗ್ಗೆ ಕಟ್ಟಿದೆಯೇ ಎಂದು ನೋಡಿಸುತ್ತಿದ್ದೆ. ಮೂರ್ಛೆರೋಗಕ್ಕೆ ವರ್ಷಗಟ್ಟಲೆ ಫೆನಿಟಾಯಿನ್ ಮಾತ್ರೆ ನುಂಗಿದವರ ಒಸಡು ಊದಿ ಹಲ್ಲನ್ನೇ ಮುಚ್ಚಿರುವುದುಂಟು. ಅದನ್ನು ಗಮನಿಸಲು ಟಾರ್ಚ್ ಸಾಕು.

ಇಂಗ್ಲೆಂಡಿನಲ್ಲಿ ಬೌದ್ಧಿಕ ಅಂಗವೈಕಲ್ಯವುಳ್ಳವರಿಗೆ 14 ವರ್ಷ ತುಂಬಿದ ಮೇಲೆ ಪ್ರತಿವರ್ಷ ಆರೋಗ್ಯ ತಪಾಸಣೆ ದೊರೆಯುವ ವ್ಯವಸ್ಥೆಯಿದೆ. ನಾನು ಹೋದ ಮನೆಗಳಲ್ಲಿ ಅನೇಕರ ಬಳಿ ಇದ್ದ ಏಕೈಕ ವೈದ್ಯಕೀಯ ದಾಖಲೆಯೆಂದರೆ ಮಾಸಾಶನಕ್ಕಾಗಿ ಮಾಡಿಸಿದ ಅಂಗವೈಕಲ್ಯ ಪ್ರಮಾಣಪತ್ರ. ಅದರಲ್ಲಿ ಶೇಕಡಾವಾರು ಇರುತ್ತದೆ, ರಕ್ತದೊತ್ತಡ ಇರುವುದಿಲ್ಲ.

ಒಪ್ಪಿಗೆಯ ವಿಷಯ ಇನ್ನೂ ಕಠಿಣವಾಗಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 6ನೆಯ ಕಲಂ ಪ್ರಕಾರ, ವ್ಯಕ್ತಿಗೆ ಅರ್ಥವಾಗುವ ರೀತಿಯಲ್ಲಿ ತಿಳಿಸಿ, ಅವರಿಂದ ಮುಕ್ತ ಒಪ್ಪಿಗೆ ಪಡೆಯದೆ ಯಾರನ್ನೂ ಸಂಶೋಧನೆಗೆ ಒಳಪಡಿಸುವಂತಿಲ್ಲ. ಅದಕ್ಕೆಂದು ರಚಿತವಾದ ಸಮಿತಿಯ ಪೂರ್ವಾನುಮತಿಯೂ ಬೇಕು. ತಾಯಿಯ ಹೆಬ್ಬೆಟ್ಟಿನ ಗುರುತು ಇದಕ್ಕೆ ಸಾಲದು. ಏನು ಮಾಡುತ್ತೇವೆಂದು ತಿಳಿಸಲು ಚಿತ್ರಕಾರರಿಂದ ಬರೆಸಿದ ಚಿತ್ರಗಳನ್ನು ಜನ ಗುರುತಿಸಲಿಲ್ಲವಾದ್ದರಿಂದ ನಮ್ಮದೇ ತೂಕದ ಯಂತ್ರ, ಬಿಪಿ ಅಳೆಯಲು ತೋಳಿಗೆ ಕಟ್ಟುವ ಪಟ್ಟಿ, ರಕ್ತ ತೆಗೆಯುವ ಸೂಜಿ ಇವುಗಳ ಫೋಟೋ ತೆಗೆದು ಒಂದೊಂದನ್ನೇ ತೋರಿಸಿದೆ. ಮೊದಲ ಭೇಟಿಯಲ್ಲಿ ಏನನ್ನೂ ಅಳೆಯುತ್ತಿರಲಿಲ್ಲ. ಬಿಪಿ ಪಟ್ಟಿಯನ್ನು ಮೊದಲು ನನ್ನ ತೋಳಿಗೆ, ಆಮೇಲೆ ತಾಯಿಯ ತೋಳಿಗೆ ಕಟ್ಟಿ, ರಬ್ಬರಿನ ಗುಂಡನ್ನು ತಪಾಸಣೆಗೆ ಒಳಗಾಗಬೇಕಾದವರ ಕೈಗೇ ಕೊಟ್ಟು ಒತ್ತಲು ಹೇಳುತ್ತಿದ್ದೆ. ಒಂದು ಮನೆಗೆ ನಾಲ್ಕು ಸಲ ಹೋಗಬೇಕಾಗುತ್ತಿತ್ತು, ಹಾಗಾಗಿ ಅನುದಾನ ಕೊಟ್ಟವರಿಗೆ ವಿಳಂಬದ ಕಾರಣ ವಿವರಿಸುವುದೇ ಒಂದು ಕೆಲಸವಾಯಿತು.

ಸೂಜಿಯ ಫೋಟೋ ಕಂಡೊಡನೆ ಮೂವರು ಎದ್ದು ಒಳಗೆ ಹೋದರು. ಮನೆಯವರು “ನಾವು ಹಿಡ್ಕೋತೀವಿ, ನೀವು ತಗೊಳ್ಳಿ ಮೇಡಂ” ಎಂದರು. ನಾನು ತೆಗೆದುಕೊಳ್ಳಲಿಲ್ಲ. ಅಂಕಿಅಂಶ ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿ ಆ ಮೂರು ಕಡೆ ‘ಮಾಹಿತಿ ಲಭ್ಯವಿಲ್ಲ’ ಎಂದು ತುಂಬಿದ್ದರು. ಅದನ್ನು ಅಳಿಸಿ ‘ಬೇಡವೆಂದರು’ ಎಂದು ಬರೆಸಿದೆ.